ಹದಿನಾರಾಣೆ ಬೂದು

ಕುಷ್ಟಗಿಯ ಗ್ರಾನೈಟ್ ಫ್ಯಾಕ್ಟರಿಯ ಗುಜರಿ ಕೋಣೆಯಲ್ಲಿ ಸಿಕ್ಕದ್ದು:
ತೊಡೆಯ ಮೇಲೆ ಕೂಡುವ ಕಂಪ್ಯೂಟರು,
ಗರಗಸ ಕೂಡಿಸಲು ಬಂದ ಯಾವನೋ ಎಂಜಿನಿಯರ್
ಮೂವತ್ತೈದು ವರ್ಷದ ಹಿಂದೆ ಮರೆತದ್ದು.
ಕೀಲಿಗಳ ಸಂದಿಯಲ್ಲಿ ಕಲ್ಲಿನ ಹಿಟ್ಟು.
ನಾಲ್ಕು ಪೆನ್ಸಿಲ್ ಸೆಲ್ ಹಾಕಿದೆ. ಪುಣ್ಯಾತ್ಮ, ಎದ್ದ.

ಗೇಣುದ್ದ, ಮೂರು ಬೆರಳಗಲ ಪರದೆ.
ಅಡ್ಡ ಇನ್ನೂರ ನಲವತ್ತು ಚುಕ್ಕಿ, ಕೆಳಕ್ಕೆ ಅರವತ್ತನಾಲ್ಕು.
ವಿದ್ಯೆಗಳೂ ಅಷ್ಟೇ ಅಂತಾರೆ;
ಇದಕ್ಕೆ ಬರುವುದು ಮಾತ್ರ ಎರಡು:
ಕಪ್ಪಗಾಗುವುದು, ಸುಮ್ಮನಿರುವುದು.

ಪಾಲಿಶ್ ಸಾಲಿನ ಒಂಬತ್ತು ಜನ ನಿಂತ ಫೋಟೊ ಇತ್ತು ನನ್ನಲ್ಲಿ.
ಕತ್ತರಿಸಿ, ಕುಗ್ಗಿಸಿ, ನಡುವೆ ಒಂದೇ ಗೆರೆ ಎಳೆದೆ:
ಇತ್ತ ಬಿಳಿ, ಅತ್ತ ಕಪ್ಪು. ತಂತಿಯಲ್ಲಿ ಕಳಿಸಿದೆ.
ಒಂಬತ್ತೂ ಮುಖ ಮಸಿಯಾದವು,
ಹಲ್ಲು ಉಳಿದವು, ಬನಿಯನ್ನು ಉಳಿದವು.
"ಇದೇನಪಾ, ನಮ್ಮನ್ನ ಸುಟ್ಟಿ?" ಎಂದ ಮರ್ದಾನ್‌ಸಾಬ
ಹೆಗಲ ಮೇಲಿಂದ ಬಗ್ಗಿ.

ಇದರಲ್ಲಿ ಬೂದು ಇಲ್ಲ ಸಾಬ್ರೇ, ಎಂದೆ.
ತಾನು ಹೊಳಪು ಕೊಟ್ಟ ಹಲಗೆ ತೋರಿಸಿದ:
"ಇದ್ಯಾವ ಬಣ್ಣ?"
ಬೂದು.
"ಹತ್ರ ಬಾ."
ಕರಿ ಕಾಳು, ಬಿಳಿ ಕಾಳು, ಕರಿ ಕಾಳು.
ಬೂದು ಎಲ್ಲಿಯೂ ಇರಲಿಲ್ಲ.

ರಾತ್ರಿ ಕೂತು ಲೆಕ್ಕ ಬದಲಿಸಿದೆ.
ಬೂದು ಚುಕ್ಕಿಯನ್ನು ಕಪ್ಪು ಎಂದರೆ ಸುಳ್ಳಾಯಿತು;
ಆ ಸುಳ್ಳನ್ನು ಎಸೆಯುವಂತಿಲ್ಲ,
ಹದಿನಾರು ಪಾಲು ಮಾಡಿ ನೆರೆಯವರಿಗೆ ಹಂಚಬೇಕು.
ಕೇಳಿದವನೇ ಗೆಣ್ಣು ಎಣಿಸಿದ: "ಅಂದ್ರ ಆಣೆ ಲೆಕ್ಕ!
ಬಲಕ್ಕಿದ್ದವಗ ಏಳಾಣೆ. ನೇರ ಕೆಳಗಿನವಗ ಐದು.
ಕೆಳಗ ಎಡಕ್ಕ ಮೂರು. ಕೆಳಗ ಬಲಕ್ಕ,
ಒಂದಾಣೆ ಉಳೀತು, ಅವನ ನಸೀಬು."
ಆಗಿಹೋದವರಿಗೆ ಏನೂ ಹೋಗುವುದಿಲ್ಲ,
ಇನ್ನೂ ಬರಬೇಕಾದವರೇ ಹೊರಬೇಕು.

ಚಿತ್ರ ಮೂಡಲು ಹನ್ನೊಂದು ನಿಮಿಷ,
ಚಾಣದ ಪೆಟ್ಟಿನ ಹಾಗೆ ಒಂದೊಂದೇ ಚುಕ್ಕಿ.
ನಡುವೆ ಚಹಾ ಬಂತು.
ಅವನಿಗೆ ಕಂಡದ್ದು ಬರೀ ಧೂಳು.
ಚಶ್ಮಾ ತೆಗೆದ, ಯಂತ್ರವನ್ನು ತೋಳುದ್ದ ದೂರ ಹಿಡಿದ.
ಪೊರೆ ಬಂದ ಕಣ್ಣಿಗೆ ಎಲ್ಲರೂ ಬಂದರು.
"ಹೋ, ದುರಗ! ಯಾವತ್ತರ ನೆಟ್ಟಗ ನಿಂತಾನೇನು ಇವ!"
ತನ್ನನ್ನು ಕೊನೆಗೆ ಹುಡುಕಿಕೊಂಡ,
ವಾಲಿದ ರುಮಾಲಿನ ಗುರುತಿನಿಂದ.

"ಕಡೀ ಸಾಲಿನ ತಪ್ಪು ಯಾರಿಗ್ಹೋತು?"
ಅವರ ಕೆಳಗೆ ಯಾರೂ ಇಲ್ಲ ಸಾಬ್ರೇ,
ಅಂಚಿನಾಚೆ ಬಿದ್ದುಹೋಗುತ್ತದೆ.
ಪರದೆಯ ಅಂಚಿನ ಕೆಳಗೆ ಬೆರಳಾಡಿಸಿ ನೋಡಿದ.
ಬಿಳಿ ಹಿಟ್ಟು ಹತ್ತಿತ್ತು.
"ಸೆಲ್ ತಗಿ," ಅಂದ, "ರಾತ್ರಿ ಪಾಳಿಗೆ ಹೊಂಟೀನಿ,
ಬ್ಯಾಟ್ರಿಗೆ ಬೇಕು."