ಫಾರಮ್ಮಿನ ಹಿಂಬದಿ

ಏಳು ವರ್ಷದವಳು ನಾನು. ಕೈಮಡದ ಕಲ್ಲಿನ ಮುಂದೆ
ಬಾಳೆಲೆಯಲ್ಲಿ ಹಂದಿಸಾರು, ಕಡಂಬುಟ್ಟು,
ಅರ್ಧ ಗ್ಲಾಸು ಬ್ರಾಂದಿ
ಕಾರಣರಿಗೆಂದು ಇಟ್ಟು ಬಂದರು ದೊಡ್ಡವರು.
ತಿರುಗಿ ನೋಡಬೇಡ ಅಂದರು.
ನೋಡಿದೆ.
ಏನೂ ಇರಲಿಲ್ಲ. ಗ್ಲಾಸಿನ ಅಂಚಿಗೆ ಒಂದು ಕಟ್ಟಿರುವೆ.
ಆ ಏನೂ ಇಲ್ಲದ್ದು
ಅಂದಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಆಮೇಲೆ ಸಂತೆಯಲ್ಲಿ ಒಣಮೀನು ಕಟ್ಟಿಕೊಟ್ಟ ಹಾಳೆ,
ಯಾವುದೋ ಮಾಸಪತ್ರಿಕೆಯದು. ಬಾವಿಯಿಂದ
ಒಂದು ಕೈ ಮೇಲೆ ಬಂತು. ಅಷ್ಟೇ.
ಮುಂದಿನ ಪುಟ ಇನ್ಯಾರದೋ ಮನೆಯ ಮೀನಿಗೆ ಹೋಗಿತ್ತು.
ಆ ಕೈಯನ್ನು ಮೇಲಕ್ಕೆಳೆಯಲು
ನಾನೇ ಬರೆಯತೊಡಗಿದೆ.

ವಿರಾಜಪೇಟೆಯ ಅಂಚೆಕಚೇರಿ, ತಂತಿ ಮೇಜು.
ಕಡ ಕಟ್ಟು ಕಡ. ಕೆಟ್ಟ ಫಾರಮ್ಮುಗಳ ಹಿಂಬದಿಯೇ ನನ್ನ ಕಾಗದ.
ಸಾಲು ಕರಗಿದ ಮಧ್ಯಾಹ್ನ, ಗೋಂದಿನ ವಾಸನೆಯಲ್ಲಿ ಕೂತು
ಎಷ್ಟು ಜನರನ್ನು ಸಾಯಿಸಿದೆ, ಎಷ್ಟು ಜನರನ್ನು ಎಬ್ಬಿಸಿದೆ!
ಮಾಕುಟ್ಟದ ತಿರುವಿನಲ್ಲಿ ಲಾರಿಗೆ ಕೈ ತೋರಿಸುವ ಮದುಮಗಳು,
ಕಾಫಿ ಕಣದಲ್ಲಿ ಬೆಳಗಾಗುವಷ್ಟರಲ್ಲಿ ಮೂಡುವ
ಒಂದೇ ಕಾಲಿನ ಹೆಜ್ಜೆಗಳು,
ಯಜಮಾನ ಸತ್ತ ಮೇಲೂ ತಾನೇ ಎಣ್ಣೆ ಹಚ್ಚಿಕೊಳ್ಳುವ ಕೋವಿ.
ಹೆಸರು ಹಾಕಿದ್ದು ಕತ್ತಲಪ್ಪ ಅಂತ.
ಅಂಚೆ ಮೇಡಂಗೆ ಯಾರು ಹೆದರುತ್ತಾರೆ?

ಚರ್ಚಿನ ಕೆಳಗಿನ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುತ್ತಿದ್ದವನು ಲಾಜರಸ್,
ಸೀಸದ ಅಕ್ಷರಗಳನ್ನು ತಲೆಕೆಳಗಾಗಿ ಓದುತ್ತ.
"ಮೇಡಂ, ನಿಮ್ಮ ಪಿಶಾಚಿ ನಕ್ಕೂ ನಕ್ಕೂ
ನನ್ನ ಖಾನೆಯ 'ಹಾ' ಎಲ್ಲ ಖಾಲಿ. ಸ್ವಲ್ಪ ಕಡಿಮೆ ನಗಿಸಿ."
ಇನ್ನೊಮ್ಮೆ, ಬೀಡಿ ಆರಿಸಿ, ಮೆಲ್ಲಗೆ:
"ದೆವ್ವ ತೆಗೆದುಬಿಡಿ. ಬಾಗಿಲು ಮಾತ್ರ ಇರಲಿ."
ಮೂರು ದಿನ ಮಾತು ಬಿಟ್ಟೆ.
ನಾಲ್ಕನೆಯ ದಿನ ತೆಗೆದೆ.

ಎಪ್ಪತ್ತೊಂದರ ಡಿಸೆಂಬರ್. ಫೌಜಿನ ತಂತಿ.
ಒಂದೊಂದೇ ಅಕ್ಷರವಾಗಿ ನನ್ನ ಪೆನ್ಸಿಲಿನ ಮೊನೆಗೆ ಇಳಿದು ಬಂತು
ಬಿಟ್ಟಂಗಾಲದ ಬೋಜಮ್ಮನ ಮಗನ ಹೆಸರು.
ತಲೆ ಎತ್ತಿದರೆ ಕಿಟಕಿಯಾಚೆ ಅದೇ ಬೋಜಮ್ಮ,
ಸಾಲಿನಲ್ಲಿ ಮೂರನೆಯವಳು.
ಮಗನಿಗೆ ಕಣಿಲೆ ಉಪ್ಪಿನಕಾಯಿಯ ಪಾರ್ಸೆಲ್.
"ಎರಡು ಸುತ್ತು ಬಟ್ಟೆ ಹೊಲಿದಿದ್ದೇನೆ, ಸೋರಲಿಕ್ಕಿಲ್ಲ ಅಲ್ಲವಾ?"
ಮುಂದೆ ನಿಂತವಳನ್ನು ಕೇಳುತ್ತಿದ್ದಳು.
ಅವಳ ಮುಂದೆ ಇಬ್ಬರು.
ಆಮೇಲೆ ಒಬ್ಬಳು.
ಅಷ್ಟು ಹೊತ್ತೂ ಆ ಹುಡುಗ ಕಿಟಕಿಯಾಚೆ ಬದುಕಿದ್ದ,
ಈಚೆ ಸತ್ತಿದ್ದ.
ನಾನು ಪಾರ್ಸೆಲ್ ತೂಗಿದೆ. ಹೌದು, ತೂಗಿದೆ.
ಹಣ ತೆಗೆದುಕೊಂಡೆ, ಚಿಲ್ಲರೆ ಎಣಿಸಿ ಕೊಟ್ಟೆ.
ತಂತಿ ಮನೆಗೇ ಮುಟ್ಟಬೇಕು, ಅದು ನಿಯಮ.
ಸಂಜೆ ಗದ್ದೆಗಳಾಚೆಯಿಂದ ಎರಡು ಗುಂಡು,
ಒಂದರ ಬೆನ್ನಿಗೆ ಒಂದು.

ಮೂರು ತಿಂಗಳ ಮೇಲೆ ಪಾರ್ಸೆಲ್ ತಿರುಗಿ ಬಂತು.
ಸೋರಿರಲಿಲ್ಲ.

ಅಲ್ಲಿಂದಾಚೆ ನನ್ನ ಕತೆಗಳಲ್ಲಿ ಯಾರೂ ಕಿರುಚುವುದಿಲ್ಲ.
ಯಾರೋ ಸಾಲಿನಲ್ಲಿ ನಿಂತಿರುತ್ತಾರೆ,
ಯಾರೋ ಚಿಲ್ಲರೆ ಎಣಿಸುತ್ತಿರುತ್ತಾರೆ.
'ಕತ್ತಲಪ್ಪನವರೇ, ರಾತ್ರಿಯೆಲ್ಲ ದೀಪ ಆರಿಸಲಿಲ್ಲ'
ಎಂದು ಹಾಸನದಿಂದ ಒಬ್ಬ ಕಾರ್ಡು ಬರೆದಿದ್ದ.
ಮುದ್ರೆ ಒತ್ತಿ ನನಗೆ ನಾನೇ ಬಟವಾಡೆ ಮಾಡಿಕೊಂಡೆ.

ಈ ವಯಸ್ಸಿಗೆ ದೆವ್ವ ಯಾಕೆ, ಅನ್ನುತ್ತಾಳೆ ಸೊಸೆ.
ಅಯ್ಯೋ ಮಾರಾಯ್ತಿ, ದೆವ್ವ ಎಷ್ಟೋ ವಾಸಿ.
ಬರುತ್ತದಲ್ಲ, ತಿರುಗಿ.
ಪ್ರೆಸ್ಸಿದ್ದ ಕಡೆ ಈಗ ಮೊಬೈಲ್ ಅಂಗಡಿ.
ಲಾಜರಸ್ ಹೋಗಿ ಒಂಬತ್ತು ವರ್ಷ.
ಹೆಸರಿಗಾದರೂ ನಾಲ್ಕನೆಯ ದಿನ ಎದ್ದು ಬರುತ್ತಾನೆಂದು
ಚಿಲಕ ಹಾಕದೆ ಕೂತಿದ್ದೆ.
ಬಂದದ್ದು ಪಕ್ಕದ ಮನೆಯ ಬೆಕ್ಕು.
ಅದನ್ನೂ ಬರೆದೆ. ಬೆಕ್ಕು ತೆಗೆದೆ.
ಬಾಗಿಲು ಇಟ್ಟುಕೊಂಡೆ.

ಎಪ್ಪತ್ತೆಂಟು ನನಗೆ. ಬಾವಿಯ ಆ ಕೈಯನ್ನು
ಮೊಣಕೈವರೆಗೆ ಎಳೆದಿದ್ದೇನೆ ಈವರೆಗೆ.
ಬಳೆ ಇದೆಯೋ ಇಲ್ಲವೋ, ಇನ್ನೂ ಹೇಳಲಾರೆ.
ತಣ್ಣಗಿದೆ.
ಬಿಟ್ಟರೆ ಬಿಡುತ್ತದೆ.
ಹಿಡಿದೇ ಇದ್ದೇನೆ.