ಕಣ್ಣು ಎಣಿಸುವುದು

ಟ್ಯಾಂಕು ಬಂದದ್ದು ಪ್ರಾಚಿಯ ಹಟಕ್ಕೆ.
ಎರಡಡಿ ಗಾಜು, ಎರಡು ಬೊಗಸೆ ಕಲ್ಲು,
ಗ್ರೀನ್ ಸ್ಟ್ರೀಟಿನ ಅಂಗಡಿಯ ನಾಲ್ಕು ಗೌರಾಮಿ.
ಹಿಡಿಯುವವರ ಮನೆಯಲ್ಲಿ ಸಾಕುವುದೂ ಶುರುವಾಯಿತಾ
ಅಂತ ಓಣಿಯೆಲ್ಲ ನಕ್ಕಿತು.

ಮೊನ್ನೆ ಬೆಳಿಗ್ಗೆ ಮೂರೇ ಇದ್ದವು.
ನಾಲ್ಕನೆಯದು ಗ್ಯಾಸ್ ಸಿಲಿಂಡರಿನ ಹಿಂದೆ ಸಿಕ್ಕಿತು,
ಮೈಗೆ ಧೂಳು ಮೆತ್ತಿಕೊಂಡು, ಸೆಟೆದು,
ಅಂಗಳದಲ್ಲಿ ಹರವಿದ ತಾರ್ಲೆಯ ಹಾಗೇ.
ಇಪ್ಪತ್ತೆಂಟು ವರ್ಷ
ಡೆಕ್ಕಿನ ಮೇಲೆ ಒದ್ದಾಡುವ ರಾಶಿಯ ನಡುವೆ
ಗಂಬೂಟು ಹಾಕಿ ನಡೆದವನು ನಾನು.
ಈ ಒಂದನ್ನು ಎತ್ತಲು ಕಾಗದ ಹುಡುಕಿದೆ.

ಗಾಜು ಬಿಗಿಯಾಗಿ ಮುಚ್ಚುವ ಹಾಗಿಲ್ಲವಂತೆ,
ಈ ಜಾತಿ ಮೇಲೆ ಬಂದು ಗಾಳಿ ನುಂಗುತ್ತದೆ.
ಕೋಡಿಬಾಗದ ಗುಜರಿ ಇಲಿಯಾಸನ ಬಳಿ
ಬಾಗಿಲು ಹಾಕಿದ ಯಾವುದೋ ಸೊಸೈಟಿಯ
ಟ್ಯೂಬ್‌ಲೈಟಿನ ಕೆಳಗಿದ್ದ ಪ್ಲಾಸ್ಟಿಕ್ ಜಾಲರಿ,
ಚೌಕ ಚೌಕ, ಬಿಳಿ, ಸ್ವಲ್ಪ ಹಳದಿ ತಿರುಗಿದ್ದು.
ತೂಕಕ್ಕೆ ಕೊಡಲೋ ಅಡಿಲೆಕ್ಕಕ್ಕೋ ತಿಳಿಯದೆ
ಆಗಸ್ಟಿನ ಮೊದಲ ಬಂಗಡೆಯಲ್ಲಿ ಒಂದು ಡಜನ್ ಬಾಕಿ
ಅಂತ ಗೋಡೆಯ ಮೇಲೆ ಬರೆದುಕೊಂಡ.

ನಿಷೇಧದ ಎರಡು ತಿಂಗಳು.
ಬೈತಖೋಲದಲ್ಲಿ ಬೋಟುಗಳು
ಒಂದರ ಹೆಗಲಿಗೊಂದು ಒರಗಿ ಹಗ್ಗ ಜಗಿಯುತ್ತಿವೆ.
ಕಡಲಿನಲ್ಲಿ ಮೀನಿಗೆ ಬಾಣಂತನ,
ದಡದಲ್ಲಿ ನನಗೆ ಪುರುಸೊತ್ತು.

ಚಾಪೆಯ ಮೇಲೆ ಜಾಲರಿ ಹಾಸಿ ಕೂತೆ.
ಟೇಪು ತರಲಾ ಅಂದಳು ಪ್ರಾಚಿ.
ಬೇಡ, ನಾವು ಕಣ್ಣು ಎಣಿಸುವವರು.
ಬಲೆಗೂ ಕಣ್ಣು, ಇದಕ್ಕೂ ಕಣ್ಣೇ:
ಉದ್ದಕ್ಕೆ ನಲವತ್ತು, ಅಗಲಕ್ಕೆ ಇಪ್ಪತ್ತು.

ಕಟರು ಹಚ್ಚಿದರೆ, ಟಕ್.
ನೂಲಿನ ಹಾಗಲ್ಲ. ನೂಲು ಕತ್ತರಿಗೆ ಒಲಿಯುತ್ತದೆ,
ಇದು ಹಲ್ಲು ಮುರಿದಂತೆ ಸಿಡಿಯುತ್ತದೆ.
ಒಂದು ಚೂರು ನನ್ನ ಚಹಾಕ್ಕೆ,
ಒಂದು ಶುಭಾಂಗಿಯ ಅಕ್ಕಿಯ ಮೊರಕ್ಕೆ.
"ಅಕ್ಕಿಯೊಳಗೆ ಬಿಳಿ ಪ್ಲಾಸ್ಟಿಕ್ ಆರಿಸೂದು ಯಾರು,
ನಿಮ್ಮ ಬೋಟಿನ ಯಜಮಾನನಾ?"
ಗಂಟಿನ ಬುಡಕ್ಕೇ ಕಚ್ಚಿಸಬೇಕು, ನಡುವಿಗಲ್ಲ.
ಹನ್ನೊಂದನೇ ಕಣ್ಣಿಗೆ ಕೈಗೆ ತಿಳಿಯಿತು,
ತಲೆಗೆ ಇನ್ನೂ ತಡವಾಗಿ.

ಪೈಪಿಗೊಂದು ಮೂಲೆ ತೆಗೆದೆ,
ವಾಯರಿಗೊಂದು ಕಚ್ಚು,
ಕಾಳು ಹಾಕಲು ಪ್ರಾಚಿಯ ಎರಡು ಬೆರಳಿನ ಕಿಂಡಿ.
ಮುಳ್ಳೆದ್ದ ಅಂಚನ್ನೆಲ್ಲ
ಇಂಜಿನ್ ಪೆಟ್ಟಿಗೆಯ ಅರದಿಂದ ಉಜ್ಜಿದೆ.
ಚಾಪೆಯ ಮೇಲೆ ಉಪ್ಪು ಚೆಲ್ಲಿದಂತೆ ಪುಡಿ.

ಇಟ್ಟು ನೋಡಿದರೆ
ಒಂದು ಸಾಲು ಕಡಿಮೆ.
ಎಣಿಸುವ ಹೊತ್ತಿಗೇ ನಾಗೇಂದ್ರ ಬಂದು
ಡೀಸೆಲ್ ಸಬ್ಸಿಡಿಯ ಮಾತು ತೆಗೆದಿದ್ದ.
ಹತ್ತೊಂಬತ್ತಕ್ಕೇ ಇಪ್ಪತ್ತೆಂದು ಕತ್ತರಿಸಿದ್ದೆ.
ಹೆಬ್ಬೆರಳಗಲದ ಸಂದು.
ಹಾರುವ ಮೀನಿಗೆ ಅದು ಹೆದ್ದಾರಿ.

ಜಂತಿಯಿಂದ ಸೂಜಿ ಇಳಿಸಿದೆ,
ಮಲ್ಪೆಯಲ್ಲಿ ಕೊಂಡದ್ದು, ಮೂಗು ಸವೆದದ್ದು.
ಹಸಿರು ನೂಲು ತುಂಬಿ
ಪ್ಲಾಸ್ಟಿಕ್ಕಿನ ಕಣ್ಣಿಗೆ ನೂಲಿನ ಕಣ್ಣು ಕಟ್ಟುತ್ತ ಹೋದೆ.
ಬಂದರಿನಲ್ಲಿ ಇಲಾಖೆಯವರು
ಬಲೆಗೆ ಪಟ್ಟಿ ಹಿಡಿದು, ಕಣ್ಣು ಸಣ್ಣದು ಅಂತ
ಎರಡು ಸಲ ದಂಡ ಬರೆದಿದ್ದಾರೆ ನಮಗೆ.
ಇಲ್ಲಿ ಕೇಳುವವರಿಲ್ಲ.
ಮರಿಯೂ ದಾಟದಷ್ಟು ಸಣ್ಣ ಕಟ್ಟಿದೆ,
ಒಂದೂ ಸಿಕ್ಕದಿರಲಿ ಅಂದುಕೊಳ್ಳುತ್ತ.

ಉಳಿದ ತುಂಡನ್ನು ಶುಭಾಂಗಿ
ಬಚ್ಚಲಿನ ಸೋಪಿನ ಕೆಳಗಿಟ್ಟಳು.
ಪ್ರಾಚಿ ದೀಪ ಹಾಕಿದಳು. ಅಕ್ಕಿಯ ಡಬ್ಬ,
ಕ್ಯಾಲೆಂಡರು, ನನ್ನ ಬನಿಯನ್ನು,
ಎಲ್ಲದರ ಮೇಲೂ ಚೌಕ ಚೌಕ ನೆರಳು,
ನೀರು ಅಲುಗಿದಾಗೆಲ್ಲ ಅಲುಗುತ್ತ.
ಮನೆಯೇ ಒಳಗಿದೆಯೋ ಏನೋ ಅನ್ನಿಸಿತು,
ಹೇಳಲಿಲ್ಲ.

ನಡುರಾತ್ರಿ ಸದ್ದು, ಟಪ್.
ಹಿಂದೆಯೇ ಇನ್ನೊಂದು, ಮೆತ್ತಗೆ.
"ಏನದು?" ಶುಭಾಂಗಿ ಮಗ್ಗುಲಾದಳು.
"ಬಲೆಗೆ ಬಿತ್ತು" ಅಂದುಬಿಟ್ಟೆ ರೂಢಿಯ ಮೇಲೆ.
ಅವಳು ಮತ್ತೆ ನಿದ್ದೆಗೆ ಜಾರಿದ ಮೇಲೆ
ಕತ್ತಲಿಗೇ ತಿದ್ದಿ ಹೇಳಿದೆ:
ನೀರಿಗೆ, ನೀರಿಗೆ ಬಿತ್ತು.