ಒಂದಕ್ಕೆ ಐವತ್ತು

ಹೆಲ್ವಿ ಎಂಬಾಕೆಯ ಮೊದಲ ಕಾಗದ ಬಂದದ್ದು
ಸೈಮಾ ಸರೋವರ ಹೆಪ್ಪುಗಟ್ಟಿದ ವಾರ.
'ಕುಯಿಕ್ಕಾ ಎಂಬ ಉಗಿದೋಣಿ, ಮರದ ದಿಮ್ಮಿ ಎಳೆಯುತ್ತಿದ್ದದ್ದು.
ಅದರ ಹೊಗೆಕೊಳವೆಯ ಪಟ್ಟಿ ಬಿಳಿಯೋ ಹಳದಿಯೋ?
ಸರಿಯಾಗಿ ನೋಡಿ ಹೇಳಿ.'
ಸರಿಯಾಗಿ ಎಂಬುದರ ಕೆಳಗೆ ಎರಡು ಗೆರೆ.

ನಮ್ಮ ದಫ್ತರಖಾನೆಯ ಫೋಟೋಗಳೆಲ್ಲ ಕಪ್ಪುಬಿಳುಪು.
ಹಳದಿಯೂ ಅಲ್ಲಿ ಬೂದಿ, ಕೊಳೆಯಾದ ಬಿಳಿಯೂ ಬೂದಿ.
ಹಾಗೆಂದೇ ಬರೆದೆ. ಬಿಡಲಿಲ್ಲ ಆಕೆ.
ಬಣ್ಣ ಕೊಂಡ ರಸೀದಿ ಇರಬೇಕಲ್ಲ, ಎಂದಳು.
ಇತ್ತು. ಐವತ್ತೆಂಟರ ಮೇ ತಿಂಗಳು,
ಹಳದಿ ನಾಲ್ಕು ಲೀಟರು, ಜೊತೆಗೆ ಒಂದು ಬ್ರಷ್ಷು.
ಬ್ರಷ್ಷಿನ ಸುದ್ದಿಗೂ ಬೇರೆಯಾಗಿ ಥ್ಯಾಂಕ್ಸ್ ಬಂತು.

ಆಮೇಲೆ ಚಳಿಗಾಲವಿಡೀ:
ಹಿಂಬದಿಯ ತಗಡಿಗೆ ರಿವೆಟ್ಟು ಎಷ್ಟು ಸಾಲು?
ಲಂಗರಿನ ಸರಪಳಿ ಎಡಗಡೆ ಇಳಿಯುತ್ತಿತ್ತೋ?
ಏಣಿಗೆ ಮೆಟ್ಟಿಲು ಏಳೋ ಎಂಟೋ?
ಭೂತಗನ್ನಡಿ ಹಿಡಿದು ಎಣಿಸಿದೆ, ಗೊಣಗುತ್ತ.
ತಪ್ಪಿತು. ಮತ್ತೆ ಎಣಿಸಿದೆ.

ಕುಯಿಕ್ಕಾದ ಕಿಟ್ಟನ್ನು ಯಾರೂ ಎಂದೂ ಮಾಡಿರಲಿಲ್ಲ.
ಯುದ್ಧದ ಹಡಗಾದರೆ ಹತ್ತು ಕಂಪನಿಯ ಡಬ್ಬಿ;
ದಿಮ್ಮಿ ಎಳೆದ ದೋಣಿ ಯಾರಿಗೆ ಬೇಕು?
ಅಂತೂ ಸಿಕ್ಕಿದ್ದು ಹ್ಯಾಂಬರ್ಗಿನ ಬಂದರು-ದೋಣಿಯೊಂದರ ಕಿಟ್ಟು,
ಒಡಲು ಹೆಚ್ಚುಕಮ್ಮಿ ಅದೇ, ಅಳತೆ ಒಂದಕ್ಕೆ ಐವತ್ತು,
ಅಚ್ಚು ಮುರಿದು ಮೂವತ್ತು ವರ್ಷವಾದದ್ದು.
ಲಪ್ಪೆನ್‌ರಾಂತದ ವಿಧವೆಯೊಬ್ಬಳ ಅಟ್ಟದಲ್ಲಿತ್ತಂತೆ.
ಗಂಡ ಒಡಲಿನ ಎರಡು ಹೋಳು ಅಂಟಿಸಿ
ಅಷ್ಟಕ್ಕೇ ಬಿಟ್ಟುಹೋಗಿದ್ದ.
ಒಣಗಿದ ಅಂಟಿನಲ್ಲಿ ಅವನ ಹೆಬ್ಬೆರಳಿನ ಗುರುತು.
'ಉಜ್ಜುಕಾಗದ ಎತ್ತಿಕೊಂಡೆ, ಕೆಳಗಿಟ್ಟೆ,' ಎಂದು ಬರೆದಳು.
'ನೀರಿನ ಗೆರೆಯ ಕೆಳಗಿದೆ. ಇರಲಿ.'

ಮಾರ್ಚಿನಲ್ಲಿ ತಡೆಯಲಾರದೆ ಕೇಳಿಯೇಬಿಟ್ಟೆ:
ಇಷ್ಟೆಲ್ಲ ಯಾಕೆ? ನಿಮ್ಮವರು ಯಾರಾದರೂ ಅದರಲ್ಲಿದ್ದರೇ?

'ನಾನೇ ಇದ್ದೆ.
ಹದಿನಾಲ್ಕು ಬೇಸಿಗೆ, ಅಡುಗೆಯವಳು.
ಒಂಬತ್ತು ಗಂಡಸರ ಹಸಿವು, ಒಂದು ಒಲೆ.
ಹತ್ತಿದಾಗ ದೋಣಿ ದಡಕ್ಕೆ ಕಟ್ಟಿತ್ತು,
ಇಳಿದಾಗಲೂ ಕಟ್ಟಿಯೇ ಇತ್ತು.
ಅದು ಸಾಗುವುದನ್ನು (ಸಾಗುವುದೇನು, ತೆವಳುವುದು)
ದಡದ ಹುಡುಗರೆಲ್ಲ ನೋಡಿದ್ದಾರೆ.
ನಾನೊಬ್ಬಳು ನೋಡಿಲ್ಲ.'

ನಕ್ಷೆಯನ್ನು ಮತ್ತೆ ಮೇಜಿನ ಮೇಲೆ ಹರಡಿದೆ.
ಬಾಯ್ಲರಿಗೆ ನಲವತ್ತು ಅಳತೆ, ಕಪ್ತಾನನ ಮಂಚಕ್ಕೂ ಅಳತೆ.
ಅಡುಗೆಮನೆ ಇರಬೇಕಾದಲ್ಲಿ ಖಾಲಿ ಚೌಕ,
ಒಳಗೆ ಪೆನ್ಸಿಲಿನಲ್ಲಿ 'ಅಡುಗೆ', ಅಷ್ಟೇ.

ಈಗ ಕೇಳುವ ಸರದಿ ನನ್ನದು.
ಒಲೆ ಯಾವ ಗೋಡೆಗೆ? ಕಿಟಕಿ ಎಷ್ಟಗಲ?
'ಕಿಟಕಿ ನನ್ನ ಎರಡು ಗೇಣು.
ಸೌಟಿನ ಕೊಕ್ಕೆ ಬಲಕ್ಕೆ, ದೋಣಿ ವಾಲಿದರೆ
ಹಣೆಗೆ ಬಡಿಯುವಷ್ಟು ಎತ್ತರ.
ಕೆಟಲಿನ ಹಿಡಿಗೆ ತಂತಿ ಸುತ್ತಿತ್ತು.
ರೈ ಹಿಟ್ಟಿನ ಡಬ್ಬದ ಮೂಲೆ ಜಜ್ಜಿತ್ತು, ಬೀಳಿಸಿದವಳು ನಾನೇ.'
ರಸೀದಿ ಕೇಳಲಿಲ್ಲ ನಾನು.
ನಕಲು ಪ್ರತಿಯ ಚೌಕದೊಳಗೆ ಒಂದೊಂದಾಗಿ ತುಂಬಿಸಿ
ಪಕ್ಕದಲ್ಲಿ ಅವಳ ಹೆಸರು, ತಾರೀಖು ಹಾಕಿದೆ.

ಹಿಮ ಕರಗಿದ ಮೇಲೆ ಒಮ್ಮೆ ಹೋದೆ.
ಮೇಜಿನ ಮೇಲೆ ಒಂದು ಮೊಳದ ಕುಯಿಕ್ಕಾ.
ಅಡುಗೆಮನೆಯ ಮಾಡು ಇನ್ನೂ ಅಂಟಿಸಿರಲಿಲ್ಲ:
ಅಕ್ಕಿಕಾಳಿನುದ್ದದ ಸೌಟು,
ಕೊತ್ತಂಬರಿ ಬೀಜದಷ್ಟು ಕೆಟಲು,
ಅದರ ಹಿಡಿಗೂ ಕೂದಲೆಳೆಯ ತಂತಿ.
'ಮಾಡು ಮುಚ್ಚಿದರೆ ಯಾರಿಗೂ ಕಾಣುವುದಿಲ್ಲವಲ್ಲ,' ಎಂದೆ.
'ಆಗಲೂ ಕಾಣುತ್ತಿರಲಿಲ್ಲ,' ಎಂದಳು
ಅಂಟಿನ ಮುಚ್ಚಳ ತಿರುಪುತ್ತ.

ಅಂಟು ಹಿಡಿಯಲು ಒಂದು ಲೋಟ ಕಾಫಿಯ ಹೊತ್ತು.
ಆಮೇಲೆ ದೋಣಿಯನ್ನು ನನ್ನ ಕೈಗಿತ್ತು
ಆ ಗೋಡೆಯಿಂದ ಈ ಗೋಡೆಗೆ ನಡೆಯಿರಿ ಎಂದಳು.
'ನಿಧಾನ. ಹಿಂದೆ ದಿಮ್ಮಿಗಳಿವೆ.'
ತಾನು ಬಾಗಿಲಾಚೆ, ಮೆಟ್ಟಿಲ ಕೊನೆಗೆ ಹೋಗಿ ನಿಂತು
ಒಂದು ಕಣ್ಣು ಮುಚ್ಚಿ
ನೋಡಿದಳು, ನೋಡಿದಳು,
ನನ್ನ ತೋಳು ಸೋಲುವ ತನಕ.

'ಹಳದಿ,' ಎಂದಳು ಕೊನೆಗೆ, 'ಸ್ವಲ್ಪ ಜಾಸ್ತಿಯಾಯಿತು.'